ಮಾಲೀಕನನ್ನೇ ಕೇಳಿ

ಅಮೆರಿಕದ ಪ್ಯಾಕರ್ಡ್ ಮೋಟಾರು ಕಂಪೆನಿ ಇನ್ನೂ ಚಿಕ್ಕದಾಗಿದ್ದ ದಿನಗಳ ಒಂದು ಪ್ರಸಂಗವನ್ನು ಕಾರುಗಳ ಚರಿತ್ರೆ ಬರೆದವರೆಲ್ಲ ತಪ್ಪದೆ ಹೇಳುತ್ತಾರೆ. ಕಾರು ಕೊಳ್ಳುವ ಯೋಚನೆಯಲ್ಲಿದ್ದ ಒಬ್ಬಾತ ಕಂಪೆನಿಗೆ ಪತ್ರ ಬರೆದು, ನಿಮ್ಮ ಕಾರನ್ನು ಎಷ್ಟರ ಮಟ್ಟಿಗೆ ನಂಬಬಹುದು, ವಿವರಗಳ ಪುಸ್ತಿಕೆ ಇದ್ದರೆ ಕಳಿಸಿ ಎಂದು ಕೇಳಿದ. ಪುಸ್ತಿಕೆ ಅಚ್ಚಾಗಿರಲೇ ಇಲ್ಲ. ಏನೆಂದು ಉತ್ತರ ಬರೆಯಲಿ ಎಂದು ಕಚೇರಿಯವರು ವಿಚಾರಿಸಿದಾಗ ಜೇಮ್ಸ್ ವಾರ್ಡ್ ಪ್ಯಾಕರ್ಡ್, ನಮ್ಮ ಕಾರು ಯಾರ ಬಳಿ ಇದೆಯೋ ಅವರನ್ನೇ ಕೇಳಲಿ ಎಂದುಬಿಟ್ಟನಂತೆ. 1901ರಲ್ಲಿ ಜಾಹೀರಾತಿಗೆ ಏರಿದ ಈ ಮಾತು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಕಂಪೆನಿಯ ಮುದ್ರೆಯಂತೆ ಉಳಿಯಿತು. ಎಂಜಿನ್ನಿನ ಶಕ್ತಿ ಇಷ್ಟು, ವೇಗ ಇಷ್ಟು ಎಂಬ ಲೆಕ್ಕಕ್ಕಿಂತ ಮಾಲೀಕನ ಸಾಕ್ಷಿಯೇ ದೊಡ್ಡದು ಎಂಬುದು ಅದರ ಅರ್ಥ.

ಪ್ಯಾಕರ್ಡ್ ಸ್ವತಃ ಒಬ್ಬ ನೊಂದ ಮಾಲೀಕ ಎಂಬುದನ್ನು ಇಲ್ಲಿ ಮರೆಯಬಾರದು. 1898ರಲ್ಲಿ ಆತ ಕ್ಲೀವ್‌ಲ್ಯಾಂಡ್ ನಗರದ ಅಲೆಕ್ಸಾಂಡರ್ ವಿಂಟನ್ ತಯಾರಿಸಿದ ಕಾರೊಂದನ್ನು ಕೊಂಡ. ಅದನ್ನು ಒಹಾಯೊ ರಾಜ್ಯದ ವಾರೆನ್ ಊರಿನ ಮನೆಗೆ ಓಡಿಸಿಕೊಂಡು ಬರುವ ಹೊತ್ತಿಗೇ ಹಲವು ಸಲ ಕೆಟ್ಟು ನಿಂತಿತು. ಹೀಗೆ ಮಾಡಿದರೆ ಒಳ್ಳೆಯದು, ಹಾಗೆ ಮಾಡಿದರೆ ಒಳ್ಳೆಯದು ಎಂದು ಸಲಹೆ ಕೊಡಲು ಹೋದಾಗ ವಿಂಟನ್, ಅಷ್ಟೊಂದು ಗೊತ್ತಿದ್ದರೆ ನೀನೇ ಒಂದು ಕಾರು ಮಾಡಿಕೊ ಎಂದು ಗದರಿದನೆಂದು ಕಥೆ. 1899ರ ನವೆಂಬರಿನಲ್ಲಿ ಪ್ಯಾಕರ್ಡ್‌ನ ಮೊದಲ ಕಾರು ವಾರೆನ್ನಿನ ಬೀದಿಗೆ ಇಳಿಯಿತು. 1903ರಲ್ಲಿ ಕಂಪೆನಿ ಡೆಟ್ರಾಯಿಟ್ ನಗರಕ್ಕೆ ಹೋಯಿತು. ಆಲ್ಬರ್ಟ್ ಕಾನ್ ಎಂಬ ವಾಸ್ತುಶಿಲ್ಪಿ ಅಲ್ಲಿ ಕಟ್ಟಿದ ಕಾಂಕ್ರೀಟಿನ ಕಾರ್ಖಾನೆ ಮುಂದೆ ಜಗತ್ತಿನ ಅನೇಕ ಕಾರ್ಖಾನೆಗಳಿಗೆ ಮಾದರಿಯಾಯಿತು.

ಅಮೆರಿಕದಲ್ಲಿ ‘ಕ್ಲಾಸಿಕ್’ ಎಂಬ ಪದವನ್ನು ಹಳೆಯ ಕಾರುಗಳಿಗೆಲ್ಲ ಸಾರಾಸಗಟಾಗಿ ಹಚ್ಚುವುದುಂಟು. ಆದರೆ 1952ರಲ್ಲಿ ಹುಟ್ಟಿದ ‘ಕ್ಲಾಸಿಕ್ ಕಾರ್ ಕ್ಲಬ್ ಆಫ್ ಅಮೆರಿಕ’ ಈ ವಿಷಯದಲ್ಲಿ ಬಲು ಬಿಗಿ. 1915ರಿಂದ 1948ರವರೆಗಿನ, ಅದೂ ತನ್ನ ಕಾಲದಲ್ಲಿ ಬೆಲೆಬಾಳುತ್ತಿದ್ದ, ಮಿಕ್ಕವಕ್ಕಿಂತ ವಿಶಿಷ್ಟವಾಗಿದ್ದ ಕಾರುಗಳನ್ನು ಮಾತ್ರ ಅದು ಒಪ್ಪುತ್ತದೆ. ಪ್ಯಾಕರ್ಡ್, ಕ್ಯಾಡಿಲ್ಯಾಕ್, ಲಿಂಕನ್, ಡ್ಯೂಸೆನ್‌ಬರ್ಗ್, ಪಿಯರ್ಸ್-ಆರೋ, ಮಾರ್ಮನ್, ಪೀರ್‌ಲೆಸ್ ಇವೆಲ್ಲ ಆ ಕುಲದವು. ಇವುಗಳಲ್ಲಿ ಇಂದೂ ಕಾರು ತಯಾರಿಸುತ್ತಿರುವುದು ಕ್ಯಾಡಿಲ್ಯಾಕ್ ಮತ್ತು ಲಿಂಕನ್ ಎರಡೇ. ಉಳಿದವು ಕೊಟ್ಟಿಗೆಗಳಲ್ಲಿ, ಸಂಗ್ರಹಾಲಯಗಳಲ್ಲಿ ಇವೆ, ಇಲ್ಲವೆ ಮಾಲೀಕರ ಮನೆಮಂದಿಯ ನೆನಪಿನಲ್ಲಿ ಇವೆ.

ಡ್ಯೂಸೆನ್‌ಬರ್ಗ್‌ನ ಮಾತನ್ನು ಬೇಗ ಮುಗಿಸಬಹುದು. ಅದರೊಂದಿಗೆ ಹೋಲಿಕೆಗೆ ಮಿಕ್ಕ ಕಾರುಗಳು ನಿಲ್ಲುವುದೇ ಇಲ್ಲ. 1928ರ ಡಿಸೆಂಬರಿನಲ್ಲಿ ಬಂದ ಅದರ ‘ಜೆ’ ಮಾದರಿಯ ಎಂಜಿನ್ನಿಗೆ 265 ಅಶ್ವಶಕ್ತಿ ಇದೆಯೆಂದು ಕಂಪೆನಿ ಸಾರಿತು. ಮೇಲಿನ ಕವಚವಿಲ್ಲದ ಬರಿಯ ಚಾಸಿಗೇ 8,500 ಡಾಲರ್ ಬೆಲೆ. ಫೋರ್ಡ್ ಕಾರು ಐನೂರು ಡಾಲರಿನ ಆಸುಪಾಸಿಗೆ ಸಿಗುತ್ತಿದ್ದ ಕಾಲ ಅದು. ಗ್ಯಾರಿ ಕೂಪರ್, ಕ್ಲಾರ್ಕ್ ಗೇಬಲ್‌ರಂಥ ಸಿನಿಮಾ ನಟರು, ನಮ್ಮ ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಅದರ ಮಾಲೀಕರ ಪಟ್ಟಿಯಲ್ಲಿದ್ದರು. ತುಂಬ ಚೆನ್ನಾಗಿರುವುದಕ್ಕೆ ಅಮೆರಿಕನ್ನರು ಆಡುಮಾತಿನಲ್ಲಿ ಬಳಸುವ ‘ಡೂಜಿ’ ಎಂಬ ಪದ ಈ ಕಾರಿನ ಹೆಸರಿನಿಂದ ಬಂತೆಂದು ಮಾಲೀಕರು ಹೆಮ್ಮೆಯಿಂದ ಹೇಳುತ್ತಾರೆ. ಪದ ಕಾರಿಗಿಂತ ಹಳೆಯದು ಎಂದು ನಿಘಂಟುಕಾರರು ಎಷ್ಟು ಸಲ ತಿದ್ದಿದರೂ ಪ್ರಯೋಜನವಾಗಿಲ್ಲ. ಕಂಪೆನಿ 1937ರಲ್ಲಿ ಮುಚ್ಚಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಕೆಲವು ನೂರು ಡಾಲರಿಗೆ ಕೈ ಬದಲಿಸುತ್ತಿದ್ದ ಕಾರುಗಳಿವು. ಕೂಪರ್‌ನ ಕಾರು 2018ರ ಹರಾಜಿನಲ್ಲಿ 2 ಕೋಟಿ 20 ಲಕ್ಷ ಡಾಲರಿಗೆ ಹೋಯಿತು.

ಒಬ್ಬನೇ ತಂದೆ, ಎರಡು ಮಕ್ಕಳು

ಕ್ಯಾಡಿಲ್ಯಾಕ್ ಮತ್ತು ಲಿಂಕನ್ ನೂರು ವರ್ಷಗಳಿಂದ ಎದುರಾಳಿಗಳು. ಎರಡನ್ನೂ ಹುಟ್ಟಿಸಿದವನು ಮಾತ್ರ ಒಬ್ಬನೇ: ಹೆನ್ರಿ ಲೆಲ್ಯಾಂಡ್. ಬಂದೂಕು ಮತ್ತು ಯಂತ್ರೋಪಕರಣಗಳ ಕಾರ್ಖಾನೆಗಳಲ್ಲಿ ಪಳಗಿದ ಆತನಿಗೆ ಅಳತೆಯ ಕರಾರುವಾಕ್ಕುತನ ಒಂದು ವ್ರತದಂತಿತ್ತು. 1902ರಲ್ಲಿ, ಹೆನ್ರಿ ಫೋರ್ಡ್ ಬಿಟ್ಟುಹೋದ ಒಂದು ಕಂಪೆನಿಯ ಅವಶೇಷದಿಂದ ಕ್ಯಾಡಿಲ್ಯಾಕ್ ಎದ್ದಿತು. ಡೆಟ್ರಾಯಿಟ್ ಊರನ್ನು 1701ರಲ್ಲಿ ಸ್ಥಾಪಿಸಿದ ಫ್ರೆಂಚ್ ಅಧಿಕಾರಿಯ ಹೆಸರನ್ನು ಅದಕ್ಕೆ ಇಟ್ಟರು.

1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಮೈದಾನದಲ್ಲಿ ನಡೆದ ಪರೀಕ್ಷೆಯನ್ನು ಇಲ್ಲಿ ಹೇಳಲೇಬೇಕು. ರಾಯಲ್ ಆಟೊಮೊಬೈಲ್ ಕ್ಲಬ್ಬಿನವರು ಮೂರು ಕ್ಯಾಡಿಲ್ಯಾಕ್‌ಗಳನ್ನು ಕಣ್ಣೆದುರಿಗೆ ಪೂರಾ ಬಿಚ್ಚಿಸಿದರು. ಬಿಡಿಭಾಗಗಳನ್ನೆಲ್ಲ ಒಂದೇ ರಾಶಿಯಾಗಿ ಕಲಸಿದರು. ಕೆಲವನ್ನು ತೆಗೆದಿಟ್ಟು, ಅವುಗಳ ಜಾಗಕ್ಕೆ ಮಾರಾಟಗಾರನ ದಾಸ್ತಾನಿನಿಂದ ಬೇರೆ ತಂದು ಸೇರಿಸಿದರು. ಆ ರಾಶಿಯಿಂದ ಮತ್ತೆ ಮೂರು ಕಾರುಗಳನ್ನು ಜೋಡಿಸಬೇಕು, ಉಪಯೋಗಿಸಬಹುದಾದದ್ದು ಸ್ಪ್ಯಾನರ್ ಮತ್ತು ಸ್ಕ್ರೂ ಡ್ರೈವರ್ ಮಾತ್ರ. ಜೋಡಿಸಿದ ಮೂರೂ ಕಾರುಗಳು 500 ಮೈಲಿ ಓಡಿ ತೋರಿಸಿದವು. ಇದರಲ್ಲಿ ಏನು ದೊಡ್ಡದು ಎಂದು ಇಂದು ಅನಿಸಬಹುದು. ಆಗಿನ ಉತ್ತಮ ಕಾರುಗಳ ಒಂದೊಂದು ಭಾಗವನ್ನೂ ಕುಶಲ ಕೆಲಸಗಾರ ಅರ ಹಾಕಿ ಉಜ್ಜಿ ಆ ಒಂದು ಕಾರಿಗೇ ಕೂರುವಂತೆ ಮಾಡುತ್ತಿದ್ದ. ಒಂದರದ್ದು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಕೈಕೆಲಸವೇ ಶ್ರೇಷ್ಠ ಎಂಬ ಯೂರೋಪಿನ ನಂಬಿಕೆಗೆ ಲೆಲ್ಯಾಂಡ್ ಕೊಟ್ಟ ಉತ್ತರ ಅದು. ಆ ವರ್ಷದ ಡ್ಯೂವರ್ ಪಾರಿತೋಷಕ ಕ್ಯಾಡಿಲ್ಯಾಕ್‌ಗೆ ಬಂತು. ‘ಜಗತ್ತಿನ ಮಾನದಂಡ’ ಎಂಬ ಬಿರುದನ್ನು ಕಂಪೆನಿ ತನಗೆ ತಾನೇ ಕೊಟ್ಟುಕೊಂಡಿತು. ಪ್ಯಾಕರ್ಡ್ ಮಾಲೀಕನನ್ನು ಸಾಕ್ಷಿಗೆ ಕರೆದರೆ ಕ್ಯಾಡಿಲ್ಯಾಕ್ ಅಳತೆಗೋಲನ್ನು ಕರೆಯಿತು. ಎರಡು ಮನೆಗಳ ಸ್ವಭಾವ ಇದರಲ್ಲೇ ತಿಳಿಯುತ್ತದೆ.

1912ರ ಕ್ಯಾಡಿಲ್ಯಾಕ್ ಕಾರುಗಳಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂತು. ಅದಕ್ಕೆ ಮೊದಲು ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಎಂಜಿನ್ ಒದ್ದರೆ ಹ್ಯಾಂಡಲ್ ಹಿಂದಕ್ಕೆ ಬಡಿದು ಮೂಳೆ ಮುರಿಯುತ್ತಿತ್ತು, ಪ್ರಾಣ ಹೋದದ್ದೂ ಉಂಟು. ಡ್ರೈವರನ ಹಂಗಿಲ್ಲದೆ ಹೆಂಗಸರು ತಾವೇ ಕಾರು ತೆಗೆದುಕೊಂಡು ಹೊರಡುವುದು ಸಾಧ್ಯವಾದದ್ದರಲ್ಲಿ ಈ ಪುಟ್ಟ ಮೋಟಾರಿನ ಪಾಲು ದೊಡ್ಡದು.

1909ರಲ್ಲೇ ಕ್ಯಾಡಿಲ್ಯಾಕ್ ಜನರಲ್ ಮೋಟಾರ್ಸ್ ಸಂಸ್ಥೆಯ ಪಾಲಾಗಿತ್ತು. ಮೊದಲ ಮಹಾಯುದ್ಧದಲ್ಲಿ ವಿಮಾನದ ಎಂಜಿನ್ ತಯಾರಿಸುವ ವಿಷಯದಲ್ಲಿ ಮೇಲಿನವರೊಂದಿಗೆ ಮನಸ್ತಾಪವಾಗಿ 1917ರಲ್ಲಿ ಲೆಲ್ಯಾಂಡ್ ಹೊರಬಂದ. ಆಗ ಎಪ್ಪತ್ತು ದಾಟಿದ್ದ ಆತ ಇನ್ನೊಂದು ಕಂಪೆನಿ ತೆರೆದು, ತಾನು ಜೀವನದಲ್ಲಿ ಮೊದಲ ಸಲ ಮತ ಹಾಕಿದ್ದ ಅಧ್ಯಕ್ಷನ ಹೆಸರನ್ನು ಅದಕ್ಕೆ ಇಟ್ಟ. ಅದೇ ಲಿಂಕನ್. ಕಾರು ಚೆನ್ನಾಗಿತ್ತು, ವ್ಯಾಪಾರ ಕೈಹಿಡಿಯಲಿಲ್ಲ. 1922ರಲ್ಲಿ ಹೆನ್ರಿ ಫೋರ್ಡ್ 80 ಲಕ್ಷ ಡಾಲರಿಗೆ ಅದನ್ನು ಕೊಂಡ, ಕೆಲವೇ ತಿಂಗಳಲ್ಲಿ ಮುದುಕನನ್ನು ಹೊರಗೆ ಕಳಿಸಿದ. ಲಿಂಕನ್‌ಗೆ ರೂಪ ಕೊಟ್ಟವನು ಫೋರ್ಡ್‌ನ ಮಗ ಎಡ್ಸೆಲ್. ಅಪ್ಪನಿಗೆ ಕಾರೆಂದರೆ ಕೆಲಸದ ಎತ್ತು. ಮಗನಿಗೆ ಅದು ಚಿತ್ರ. 1939ರಲ್ಲಿ ಎಡ್ಸೆಲ್ ತನ್ನ ಸ್ವಂತಕ್ಕೆಂದು ಮಾಡಿಸಿಕೊಂಡು ಫ್ಲಾರಿಡಾಕ್ಕೆ ಒಯ್ದ ಒಂದು ಕಾರನ್ನು ಕಂಡ ಸ್ನೇಹಿತರು ನಮಗೂ ಬೇಕೆಂದದ್ದರಿಂದ ಲಿಂಕನ್ ಕಾಂಟಿನೆಂಟಲ್ ಹುಟ್ಟಿತು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಒಂದನ್ನು ಕೊಂಡು ತನ್ನ ಮೆಚ್ಚಿನ ಕೆಂಪು ಬಣ್ಣ ಬಳಿಸಿ, ಮಾಡನ್ನೂ ತನಗೆ ಬೇಕಾದಂತೆ ಬದಲಿಸಿಕೊಂಡ. 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಎಂಟು ಕಾರುಗಳನ್ನು ಕಲಾಕೃತಿಗಳಂತೆ ಪ್ರದರ್ಶನಕ್ಕಿಟ್ಟಾಗ ಅವುಗಳಲ್ಲಿ ಕಾಂಟಿನೆಂಟಲ್ ಕೂಡ ಇತ್ತು. ಆದರೆ ಅದರ ಹನ್ನೆರಡು ಸಿಲಿಂಡರಿನ ಎಂಜಿನ್ನಿನ ಬಗ್ಗೆ ಮಾಲೀಕರನ್ನು ಕೇಳಿದರೆ ಮುಖ ಸ್ವಲ್ಪ ಸಪ್ಪಗಾಗುತ್ತಿತ್ತು. ಎಣ್ಣೆ ಸರಿಯಾಗಿ ಹರಿಯದೆ ಬೇಗ ಸವೆಯುವ ಎಂಜಿನ್ ಎಂಬ ಹೆಸರು ಅದಕ್ಕಿತ್ತು. ಅದನ್ನು ಕಿತ್ತು ಬೇರೆ ಎಂಜಿನ್ ಹಾಕಿಸಿದವರು ಬಹಳ ಮಂದಿ.

ಹೆಸರು ಹಂಚಿಕೊಂಡ ಮನೆ

1920ರ ದಶಕದಲ್ಲಿ ಅಮೆರಿಕದ ಶ್ರೀಮಂತರ ಕಾರು ಎಂದರೆ ಪ್ಯಾಕರ್ಡ್. 1921ರಲ್ಲಿ ವಾರೆನ್ ಹಾರ್ಡಿಂಗ್ ಅಧ್ಯಕ್ಷ ಪದವಿಯ ಪ್ರಮಾಣವಚನಕ್ಕೆ ಹೋದದ್ದು ಪ್ಯಾಕರ್ಡ್‌ನಲ್ಲಿ. ಆ ಸಮಾರಂಭಕ್ಕೆ ಕುದುರೆ ಗಾಡಿ ಬಿಟ್ಟು ಕಾರಿನಲ್ಲಿ ಹೋದ ಮೊದಲ ಅಧ್ಯಕ್ಷ ಆತ. ಎತ್ತಿನ ನೊಗದಂತೆ ಬಾಗಿದ ರೇಡಿಯೇಟರಿನ ನೆತ್ತಿ, ಗಾಲಿಯ ನಡುವೆ ಕೆಂಪು ಷಟ್ಕೋನ ಇವನ್ನು ಕಂಡರೆ ಹೆಸರು ಓದುವ ಅಗತ್ಯವಿರಲಿಲ್ಲ. ಒಂದೇ ಸಾಲಿನಲ್ಲಿ ಎಂಟು ಸಿಲಿಂಡರ್ ನಿಲ್ಲಿಸಿದ ಅದರ ಉದ್ದನೆಯ ಎಂಜಿನ್ ಸದ್ದಿಲ್ಲದೆ, ನಡುಕವಿಲ್ಲದೆ ಎಳೆಯುವುದಕ್ಕೆ ಹೆಸರಾಗಿತ್ತು. ಕ್ಯಾಡಿಲ್ಯಾಕ್ 1914ರಿಂದಲೇ ವಿ ಆಕಾರದಲ್ಲಿ ಎಂಟು ಸಿಲಿಂಡರ್ ಜೋಡಿಸಿ, ಎಂಜಿನ್ನನ್ನು ಗಿಡ್ಡ ಮಾಡುವ ದಾರಿ ಹಿಡಿದಿತ್ತು. 1930ರ ಜನವರಿಯಲ್ಲಿ ಅದು ಹದಿನಾರು ಸಿಲಿಂಡರಿನ ಕಾರನ್ನೇ ಹೊರತಂದಿತು. ಪಕ್ಕದಲ್ಲಿ ನಿಂತರೆ ಕಿಡಿ ಹಾರುವ ಟಿಕ್ ಟಿಕ್ ಸದ್ದು ಮಾತ್ರ ಕೇಳಿಸುತ್ತಿತ್ತು ಎಂಬುದು ಅದರ ಬಗ್ಗೆ ಎಲ್ಲರೂ ಹೇಳುವ ಮಾತು. ಹೊತ್ತು ಮಾತ್ರ ಚೆನ್ನಾಗಿರಲಿಲ್ಲ. ಮೂರು ತಿಂಗಳ ಹಿಂದೆಯಷ್ಟೇ ನ್ಯೂಯಾರ್ಕಿನ ಷೇರುಪೇಟೆ ಕುಸಿದಿತ್ತು. ಹನ್ನೊಂದು ವರ್ಷಗಳಲ್ಲಿ ಮಾರಾಟವಾದದ್ದು ನಾಲ್ಕು ಸಾವಿರ ಚಿಲ್ಲರೆ ಕಾರುಗಳು.

ಆ ಆರ್ಥಿಕ ಮುಗ್ಗಟ್ಟು ದೊಡ್ಡ ಕಾರುಗಳ ಮನೆಗಳನ್ನು ಒಂದೊಂದಾಗಿ ನುಂಗಿತು. ಮಾರ್ಮನ್ 1933ರಲ್ಲಿ, ಪಿಯರ್ಸ್-ಆರೋ 1938ರಲ್ಲಿ ಹೋದವು. ಪೀರ್‌ಲೆಸ್‌ನವರು ಕಾರು ಬಿಟ್ಟು, ಪಾನನಿಷೇಧ ತೆರವಾದದ್ದೇ ಅದೇ ಕಾರ್ಖಾನೆಯಲ್ಲಿ ಬಿಯರ್ ತಯಾರಿಸತೊಡಗಿದರು. ಬಹುಶಃ ಎಲ್ಲರಿಗಿಂತ ಜಾಣರು ಅವರೇ.

ಪ್ಯಾಕರ್ಡ್ ಉಳಿದದ್ದು ಇನ್ನೊಂದು ಉಪಾಯದಿಂದ. 1935ರಲ್ಲಿ ಅದು ‘120’ ಎಂಬ ಕಾರನ್ನು ಸಾವಿರ ಡಾಲರಿನ ಆಸುಪಾಸಿನ ಬೆಲೆಗೆ ತಂದಿತು. ಅದರ ದೊಡ್ಡ ಕಾರುಗಳಿಗೆ ಇದಕ್ಕಿಂತ ಎರಡು ಮೂರು ಪಟ್ಟು ಬೆಲೆ. ಮೊದಲ ವರ್ಷವೇ ಸುಮಾರು 25 ಸಾವಿರ ಕಾರು ಹೋದವು. ಆರು ಸಿಲಿಂಡರಿನ ಇನ್ನೂ ಅಗ್ಗದ ಮಾದರಿ ಬಂದ 1937ರಲ್ಲಿ ಕಂಪೆನಿಯ ಒಟ್ಟು ತಯಾರಿ 1.2 ಲಕ್ಷ ದಾಟಿತು. ಅದೇ ನೊಗದ ನೆತ್ತಿ, ಅದೇ ಕೆಂಪು ಷಟ್ಕೋನ, ಅದೇ ಹೆಸರು. ನಮ್ಮ ಮನೆಯಲ್ಲೂ ಪ್ಯಾಕರ್ಡ್ ಇತ್ತು ಎಂದು ಮಧ್ಯಮ ವರ್ಗದ ಕುಟುಂಬಗಳು ಹೇಳಿಕೊಳ್ಳುವಂತಾದದ್ದು ಆಗಲೇ. ಅವರ ಸಂತೋಷವೇ ಹಳೆಯ ಮಾಲೀಕರ ಬೇಸರವೂ ಆಯಿತು. ಬ್ಯಾಂಕಿನ ಯಜಮಾನ ಮತ್ತು ಅದೇ ಬ್ಯಾಂಕಿನ ಗುಮಾಸ್ತ ಒಂದೇ ಹೆಸರಿನ ಕಾರಿನಲ್ಲಿ ಬಂದಿಳಿದರೆ ಯಜಮಾನ ಬೇರೆ ಕಾರು ಹುಡುಕುತ್ತಾನೆ. ಜನರಲ್ ಮೋಟಾರ್ಸ್‌ಗೆ ಈ ತಾಪತ್ರಯ ಇರಲಿಲ್ಲ. ಕೆಳಗಿನ ಮೆಟ್ಟಿಲಿಗೆ ಶೆವ್ರೊಲೆ, ನಡುವೆ ಬ್ಯೂಕ್, ತುದಿಗೆ ಕ್ಯಾಡಿಲ್ಯಾಕ್ ಎಂದು ಒಂದೊಂದಕ್ಕೆ ಒಂದೊಂದು ಹೆಸರಿತ್ತು.

ಪ್ಯಾಕರ್ಡ್‌ನ ಅವನತಿಗೆ 120 ಕಾರಣವೆಂದು ಅನೇಕರು ಬರೆದಿದ್ದಾರೆ. ಈ ಮಾತು ಅರ್ಧ ಮಾತ್ರ ನಿಜ. ಆ ಕಾರು ಇಲ್ಲದಿದ್ದರೆ ಕಂಪೆನಿ ಪಿಯರ್ಸ್-ಆರೋದ ಹಾದಿಯನ್ನೇ ಹಿಡಿಯುತ್ತಿತ್ತು. ತಪ್ಪು ನಡೆದದ್ದು ಯುದ್ಧ ಮುಗಿದ ಮೇಲೆ. ಯುದ್ಧಕಾಲದಲ್ಲಿ ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್ನನ್ನು 55 ಸಾವಿರಕ್ಕೂ ಮಿಕ್ಕಿ ತಯಾರಿಸಿ, ಸಾಲವಿಲ್ಲದೆ, ಕೈತುಂಬ ಹಣದೊಂದಿಗೆ ಹೊರಬಂದ ಕಂಪೆನಿ ಅದು. ಆಗ ಅಗ್ಗದ ಕಾರಿಗೆ ಬೇರೆ ಹೆಸರಿಟ್ಟು, ಪ್ಯಾಕರ್ಡ್ ಹೆಸರನ್ನು ಮೇಲಕ್ಕೆ ಎತ್ತಿಡಬಹುದಿತ್ತು. ಹಾಗೆ ಮಾಡಲಿಲ್ಲ. ಅತ್ತ ಕ್ಯಾಡಿಲ್ಯಾಕ್ 1948ರ ಕಾರುಗಳ ಹಿಂಭಾಗದಲ್ಲಿ ಮೀನಿನ ರೆಕ್ಕೆಯಂಥ ಚಿಕ್ಕ ಉಬ್ಬುಗಳನ್ನು ಎಬ್ಬಿಸಿತು. ವಿನ್ಯಾಸದ ಮುಖ್ಯಸ್ಥ ಹಾರ್ಲಿ ಅರ್ಲ್‌ಗೆ ಅದು ಹೊಳೆದದ್ದು ಲಾಕ್‌ಹೀಡ್ ಪಿ-38 ಯುದ್ಧ ವಿಮಾನವನ್ನು ನೋಡಿ. ಮರುವರ್ಷ ಹಗುರವಾದ ಹೊಸ ವಿ-8 ಎಂಜಿನ್ ಬಂತು. 1950ರಲ್ಲಿ ಕ್ಯಾಡಿಲ್ಯಾಕ್ ಮೊದಲ ಬಾರಿಗೆ ವರ್ಷಕ್ಕೆ ಲಕ್ಷ ಕಾರು ದಾಟಿತು. ಪ್ಯಾಕರ್ಡ್ 1954ರವರೆಗೂ ಅದೇ ಹಳೆಯ ಸಾಲಿನ ಎಂಟನ್ನೇ ನಂಬಿ ಕುಳಿತಿತ್ತು.

ಮೇಲಿನ ಕವಚವನ್ನು ಒದಗಿಸುತ್ತಿದ್ದ ಬ್ರಿಗ್ಸ್ ಕಂಪೆನಿಯನ್ನು 1953ರಲ್ಲಿ ಕ್ರೈಸ್ಲರ್ ಕೊಂಡುಕೊಂಡಾಗ ಪ್ಯಾಕರ್ಡ್‌ನ ಬುಡವೇ ಅಲುಗಿತು. ಇಕ್ಕಟ್ಟಾದ ಇನ್ನೊಂದು ಕಟ್ಟಡದಲ್ಲಿ ತಾನೇ ಕವಚ ಮಾಡಲು ಹೊರಟಾಗ ಕೆಲಸ ಕೆಟ್ಟಿತು. ವಿಪರ್ಯಾಸವೆಂದರೆ ಆ 1955ರ ಪ್ಯಾಕರ್ಡ್ ಎಂಜಿನಿಯರುಗಳ ದೃಷ್ಟಿಯಲ್ಲಿ ಅದ್ಭುತ ಕಾರು. ಸ್ಪ್ರಿಂಗಿನ ಬದಲು ಮುಂದಿನ ಮತ್ತು ಹಿಂದಿನ ಗಾಲಿಗಳನ್ನು ಉದ್ದನೆಯ ಉಕ್ಕಿನ ಸರಳುಗಳಿಂದ ಜೋಡಿಸಲಾಗಿತ್ತು. ಮುಂದಿನ ಗಾಲಿ ಗುಂಡಿಗೆ ಇಳಿದರೆ ಆ ಬಲ ಸರಳಿನ ಮೂಲಕ ಹಿಂದಕ್ಕೆ ಹೋಗಿ ಕಾರು ಮಟ್ಟಸವಾಗಿ ಉಳಿಯುತ್ತಿತ್ತು. ಡಿಕ್ಕಿಯಲ್ಲಿ ಭಾರ ಹೇರಿದರೆ ವಿದ್ಯುತ್ ಮೋಟಾರೊಂದು ಹಿಂಭಾಗವನ್ನು ತಾನೇ ಎತ್ತಿ ಸಮ ಮಾಡುತ್ತಿತ್ತು. ಅದನ್ನು ಹೊಂದಿದ್ದವರಿಗೆ ಎರಡು ನೆನಪು: ರೈಲುಹಳಿ ದಾಟಿದರೂ ತಿಳಿಯದಂಥ ಸವಾರಿ, ಮತ್ತೆ ಮತ್ತೆ ರಿಪೇರಿಗೆ ಬಿಟ್ಟ ದಿನಗಳು. 1956ರ ಜೂನ್ 25ರಂದು ಡೆಟ್ರಾಯಿಟಿನಲ್ಲಿ ಪ್ಯಾಕರ್ಡ್ ತಯಾರಿ ನಿಂತಿತು. ಆ ಬಳಿಕ ಎರಡು ವರ್ಷ ಸ್ಟುಡ್‌ಬೇಕರ್ ಕಾರುಗಳ ಮೇಲೆ ಪ್ಯಾಕರ್ಡ್ ಹೆಸರು ಅಂಟಿಸಿ ಮಾರಿದ್ದನ್ನು ಪ್ಯಾಕರ್ಡ್ ಅಭಿಮಾನಿಗಳು ನೆನೆಯಲೂ ಇಷ್ಟಪಡುವುದಿಲ್ಲ.

ಹಾಗೆ ನೋಡಿದರೆ ಸಾಮಾನ್ಯ ಅಮೆರಿಕನ್ನರಲ್ಲಿ ಬಹುಮಂದಿಗೆ ಪ್ಯಾಕರ್ಡ್‌ನಲ್ಲೋ ಕ್ಯಾಡಿಲ್ಯಾಕ್‌ನಲ್ಲೋ ಪ್ರಯಾಣ ಒದಗುತ್ತಿದ್ದದ್ದು ಒಂದೇ ಸಲ. ಶವವಾಹನಗಳನ್ನು ಹೆಚ್ಚಾಗಿ ಕಟ್ಟುತ್ತಿದ್ದದ್ದು ಈ ಎರಡು ಕಾರುಗಳ ಉದ್ದನೆಯ ಚಾಸಿಯ ಮೇಲೆಯೇ.

ನಮ್ಮ ಕಡೆ ‘ಅಮೆರಿಕದ ದೊಡ್ಡ ಕಾರು’ ಎಂದು ಹಿರಿಯರು ನೆನೆಯುವ ಶೆವ್ರೊಲೆ, ಡಾಡ್ಜ್, ಪ್ಲಿಮತ್, ಡಿಸೋಟೊಗಳು ಅಮೆರಿಕದಲ್ಲಿ ಸಾಮಾನ್ಯರ ಮತ್ತು ಮಧ್ಯಮ ದರ್ಜೆಯ ಕಾರುಗಳು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆದಿತ್ತು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದ್ದೇ ಮೋಟಾರು ಕಾರ್ಖಾನೆಯ ಯೋಜನೆ ಹಿಡಿದು ಅಮೆರಿಕ, ಯೂರೋಪು ಸುತ್ತಿ ಬಂದರು; ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಆ ಪ್ರಯತ್ನದಲ್ಲಿ ಜತೆಗಿದ್ದ ವಾಲ್‌ಚಂದ್ ಹಿರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿ, ಕ್ರೈಸ್ಲರ್ ಸಹಯೋಗದಲ್ಲಿ ಡಾಡ್ಜ್, ಪ್ಲಿಮತ್‌ಗಳನ್ನು ಜೋಡಿಸಿದರು. ಇವೇ ನಮಗೆ ದೋಣಿಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಬಾಲದ ರೆಕ್ಕೆಗಳು ಎಲ್ಲಕ್ಕಿಂತ ಎತ್ತರಕ್ಕೆ ಏರಿದ 1959ರ ಕ್ಯಾಡಿಲ್ಯಾಕ್‌ನ ಉದ್ದ ಹದಿನೆಂಟು ಮುಕ್ಕಾಲು ಅಡಿ. ನಮ್ಮ ಅಂಬಾಸಡರ್ ಹದಿನಾಲ್ಕು ಅಡಿಯ ಆಸುಪಾಸು.

ಹೇಳಿಕೊಳ್ಳಲಾಗದ ಮಾಲೀಕ

ಮಾಲೀಕನನ್ನು ಕೇಳಿ ಎಂಬ ಜಾಹೀರಾತು ಕಲ್ಪಿಸಿಕೊಂಡಿದ್ದ ಮಾಲೀಕ ಬಿಳಿಯ, ಗಂಡಸು, ಅನುಕೂಲಸ್ಥ. ಉಳಿದವರ ಬಳಿಯೂ ಈ ಕಾರುಗಳಿದ್ದವು. ಅವರ ನೆನಪುಗಳು ಅಚ್ಚಿಗೆ ಬರುವುದಕ್ಕೆ ಬಹಳ ಕಾಲ ಹಿಡಿಯಿತು.

ಆಡಳಿತಶಾಸ್ತ್ರದ ಪ್ರಸಿದ್ಧ ಲೇಖಕ ಪೀಟರ್ ಡ್ರಕರ್ ತನ್ನ ಆತ್ಮವೃತ್ತಾಂತದಲ್ಲಿ ಒಂದು ಘಟನೆ ಹೇಳುತ್ತಾನೆ. ಮುಗ್ಗಟ್ಟಿನ ದಿನಗಳಲ್ಲಿ ಕ್ಯಾಡಿಲ್ಯಾಕ್ ವಿಭಾಗವನ್ನೇ ಮುಚ್ಚಿಬಿಡುವ ಬಗ್ಗೆ ಜನರಲ್ ಮೋಟಾರ್ಸ್‌ನ ಹಿರಿಯರು ಚರ್ಚಿಸುತ್ತಿದ್ದರು. ರಿಪೇರಿ ವಿಭಾಗ ನೋಡಿಕೊಳ್ಳುತ್ತಿದ್ದ ಜರ್ಮನ್ ಮೂಲದ ನಿಕೊಲಸ್ ಡ್ರೇಸ್ಟಾಟ್ ಕರೆಯದೆಯೇ ಆ ಸಭೆಗೆ ನುಗ್ಗಿ, ಮಾತಾಡಲು ಕೆಲವು ನಿಮಿಷ ಕೇಳಿದ. ಕ್ಯಾಡಿಲ್ಯಾಕ್‌ಗಳನ್ನು ಕಪ್ಪು ಜನರಿಗೆ ಮಾರಬಾರದೆಂಬುದು ಕಂಪೆನಿಯ ನೀತಿ. ಆದರೆ ರಿಪೇರಿಗೆ ಬರುವ ಕಾರುಗಳ ಮಾಲೀಕರನ್ನು ಕಂಡಿದ್ದ ಅವನಿಗೆ ನಿಜ ಗೊತ್ತಿತ್ತು. ಕಪ್ಪು ಜನಾಂಗದ ವೈದ್ಯರು, ಮುಷ್ಟಿಕಾಳಗದ ವೀರರು, ಗಾಯಕರು, ವ್ಯಾಪಾರಿಗಳು ಬಿಳಿಯನೊಬ್ಬನಿಗೆ ಹಣ ಕೊಟ್ಟು ಅವನ ಹೆಸರಿನಲ್ಲಿ ಕಾರು ಕೊಳ್ಳುತ್ತಿದ್ದರು. ಆ ಹಣ ಮಧ್ಯವರ್ತಿಗೆ ಏಕೆ ಹೋಗಬೇಕು, ನೇರವಾಗಿ ಅವರಿಗೇ ಮಾರೋಣ ಎಂದು ಡ್ರೇಸ್ಟಾಟ್ ವಾದಿಸಿದ, ಸಭೆ ಒಪ್ಪಿತು, ಕ್ಯಾಡಿಲ್ಯಾಕ್ ಉಳಿಯಿತು. ಡ್ರಕರ್‌ನ ಕಥನದಲ್ಲಿ ನಾಟಕದ ಅಂಶ ಸ್ವಲ್ಪ ಹೆಚ್ಚೇ ಇದೆ. 1934ರಲ್ಲಿ ವಿಭಾಗದ ಮುಖ್ಯಸ್ಥನಾದ ಮೇಲೆ ಡ್ರೇಸ್ಟಾಟ್ ತಯಾರಿಕೆಯ ಖರ್ಚನ್ನೂ ಗಣನೀಯವಾಗಿ ಇಳಿಸಿದ, 1936ರಲ್ಲಿ ಕಡಿಮೆ ಬೆಲೆಯ ಮಾದರಿಯನ್ನೂ ತಂದ. ಕಂಪೆನಿ ಬದುಕಿದ್ದಕ್ಕೆ ಅವೂ ಕಾರಣ. ಆದರೂ ಬೇಡವೆಂದು ಬಾಗಿಲು ಹಾಕಿದ ಗಿರಾಕಿಗಳೇ ದುಪ್ಪಟ್ಟು ಕಷ್ಟಪಟ್ಟು ಒಂದು ಹೆಸರಿಗೆ ನಿಷ್ಠರಾಗಿದ್ದರು ಎಂಬುದು ಯೋಚಿಸಬೇಕಾದ ವಿಷಯ.

ಇದು ಬರಿಯ ಷೋಕಿ ಎಂದು ಆಗಲೇ ಮೂಗು ಮುರಿದವರಿದ್ದರು. ಕಪ್ಪು ಓದುಗರ ಪ್ರಮುಖ ಪತ್ರಿಕೆ ‘ಎಬೊನಿ’ 1949ರಲ್ಲಿ ಸಂಪಾದಕೀಯವನ್ನೇ ಬರೆದು ಇದಕ್ಕೆ ಉತ್ತರ ಕೊಟ್ಟಿತು: ಕ್ಯಾಡಿಲ್ಯಾಕ್ ಬಿಳಿಯನಿಗೆ ಯಾವುದರ ಗುರುತೋ ಕಪ್ಪು ಮನುಷ್ಯನಿಗೂ ಅದರದ್ದೇ ಗುರುತು, ತಾನು ಯಾರಿಗೂ ಕಡಿಮೆಯಲ್ಲ ಎಂದು ಹೇಳುವ ಅಸ್ತ್ರ ಅದು ಎಂಬ ಧಾಟಿಯಲ್ಲಿ. ಒಳ್ಳೆಯ ಬಡಾವಣೆಯಲ್ಲಿ ಮನೆ ಕೊಳ್ಳಲು ಬಿಡದ, ಒಳ್ಳೆಯ ಹೋಟೆಲಿನಲ್ಲಿ ಕೋಣೆ ಕೊಡದ ದೇಶದಲ್ಲಿ ಹಣವಿದ್ದರೂ ಕೊಳ್ಳಬಹುದಾದ ಒಳ್ಳೆಯ ವಸ್ತುಗಳು ಕೆಲವೇ. ಮುಷ್ಟಿಕಾಳಗದ ಚಾಂಪಿಯನ್ ಷುಗರ್ ರೇ ರಾಬಿನ್‌ಸನ್‌ನ ಗುಲಾಬಿ ಬಣ್ಣದ ಕ್ಯಾಡಿಲ್ಯಾಕ್ ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ ನಿಂತರೆ ಇಡೀ ಬೀದಿಯ ಹೆಮ್ಮೆ.

ಊರೊಳಗಿನ ಮಾತು ಇದು. ಹೆದ್ದಾರಿಯ ಮಾತೇ ಬೇರೆ. ಕಪ್ಪು ಪ್ರಯಾಣಿಕರು ದಕ್ಷಿಣದ ರಾಜ್ಯಗಳಿಗೆ ಹೊರಟರೆ ಎಲ್ಲಿ ಊಟ ಸಿಗುತ್ತದೆ, ಎಲ್ಲಿ ಮಲಗಬಹುದು, ಯಾವ ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ ಬಳಸಲು ಬಿಡುತ್ತಾರೆ ಎಂದು ಮೊದಲೇ ತಿಳಿದಿರಬೇಕಿತ್ತು. ಹಾರ್ಲೆಮ್‌ನ ಅಂಚೆ ಪೇದೆ ವಿಕ್ಟರ್ ಹ್ಯೂಗೊ ಗ್ರೀನ್ 1936ರಿಂದ ಇದಕ್ಕಾಗಿಯೇ ಒಂದು ಕೈಪಿಡಿ ಹೊರತಂದ. ‘ಗ್ರೀನ್ ಬುಕ್’ ಎಂಬ ಆ ಪುಸ್ತಕ ಮೂರು ದಶಕ ನಡೆಯಿತು. ದೊಡ್ಡ ಕಾರಿಗೆ ಇಲ್ಲಿ ಇನ್ನೊಂದು ಅರ್ಥ ಬರುತ್ತದೆ. ಅಗಲವಾದ ಸೀಟಿದ್ದರೆ ರಾತ್ರಿ ಅದರಲ್ಲೇ ಮಲಗಬಹುದು. ಡಿಕ್ಕಿ ದೊಡ್ಡದಿದ್ದರೆ ಬುತ್ತಿ, ನೀರು, ಹೊದಿಕೆ ಎಲ್ಲ ಹಿಡಿಯುತ್ತದೆ. ಎಂಜಿನ್ ಬಲವಾಗಿದ್ದರೆ ಬೇಡದ ಊರನ್ನು ನಿಲ್ಲದೆ ದಾಟಬಹುದು. ಕೆಟ್ಟು ನಿಲ್ಲದ ಕಾರು ಅವರಿಗೆ ಅನುಕೂಲವಷ್ಟೇ ಆಗಿರಲಿಲ್ಲ. ಕತ್ತಲಾದ ಮೇಲೆ ಕಪ್ಪು ಜನರು ಕಾಣಿಸಿಕೊಳ್ಳಕೂಡದೆಂಬ ಊರುಗಳಿದ್ದವು.

ಈ ಪ್ರಯಾಣಗಳ ನೆನಪುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ವಸ್ತು ಡ್ರೈವರನ ಟೋಪಿ. ಒಳ್ಳೆಯ ಕಾರಿಟ್ಟುಕೊಂಡ ಕಪ್ಪು ಗಂಡಸರು ಅಂಥ ಟೋಪಿಯೊಂದನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳುತ್ತಿದ್ದರು. ಪೊಲೀಸನು ತಡೆದು ಈ ಕಾರು ಯಾರದೆಂದು ಕೇಳಿದರೆ ನಮ್ಮ ಬಿಳಿಯ ಯಜಮಾನರದು, ಅವರ ಮನೆಗೆ ಒಯ್ಯುತ್ತಿದ್ದೇನೆ ಎನ್ನಬೇಕು. ಪಕ್ಕದಲ್ಲಿ ಕುಳಿತ ಹೆಂಡತಿ ಆ ಮನೆಯ ಕೆಲಸದವಳು. ಹಿಂದಿನ ಸೀಟಿನಲ್ಲಿದ್ದ ಮಕ್ಕಳು ಇದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿರಬೇಕು. ತಾನು ದುಡಿದು ಕೊಂಡ ಕಾರನ್ನು ತನ್ನದಲ್ಲ ಎಂದು ಹೇಳುವ ಅಪ್ಪನನ್ನು ಕಂಡ ಆ ಮಕ್ಕಳು ಮುಪ್ಪಿನಲ್ಲೂ ಅದನ್ನು ಮರೆಯಲಿಲ್ಲ. ಸಂಶೋಧಕರು ಇತ್ತೀಚಿನ ದಶಕಗಳಲ್ಲಿ ಸಂಗ್ರಹಿಸಿರುವ ಮೌಖಿಕ ಚರಿತ್ರೆಯಲ್ಲಿ ಈ ಟೋಪಿ ಉಳಿದುಕೊಂಡಿದೆ.

ಪ್ರಸಿದ್ಧರ ಕಾರುಗಳು ಇಷ್ಟು ಕಷ್ಟವಿಲ್ಲದೆ ಚರಿತ್ರೆಗೆ ಸೇರಿವೆ. ಬಡತನದಲ್ಲಿ ಬೆಳೆದ ಎಲ್ವಿಸ್ ಪ್ರೀಸ್ಲಿ 1955ರಲ್ಲಿ ಕೊಂಡ ಕ್ಯಾಡಿಲ್ಯಾಕ್‌ಗೆ ಗುಲಾಬಿ ಬಣ್ಣ ಬಳಿಸಿ ತಾಯಿ ಗ್ಲ್ಯಾಡಿಸ್‌ಗೆ ಕೊಟ್ಟ. ಆಕೆಗೆ ಕಾರು ಓಡಿಸುವ ಲೈಸೆನ್ಸೇ ಇರಲಿಲ್ಲ. ಮೆಂಫಿಸ್‌ನ ಆತನ ಮನೆಯಲ್ಲಿ ಅದು ಈಗಲೂ ಪ್ರವಾಸಿಗರಿಗೆ ನೋಡಸಿಗುತ್ತದೆ. ಜಾನಪದ ಧಾಟಿಯ ಗಾಯಕ ಹ್ಯಾಂಕ್ ವಿಲಿಯಮ್ಸ್ 1953ರ ಹೊಸ ವರ್ಷದ ದಿನ ಕಾರ್ಯಕ್ರಮಕ್ಕೆ ಹೋಗುವ ದಾರಿಯಲ್ಲಿ, ತನ್ನ ಕ್ಯಾಡಿಲ್ಯಾಕ್‌ನ ಹಿಂದಿನ ಸೀಟಿನಲ್ಲೇ, 29ನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ಕಾರು ಮಾಂಟ್‌ಗೊಮರಿಯ ಸಂಗ್ರಹಾಲಯದಲ್ಲಿದೆ. ಅಧ್ಯಕ್ಷ ಕೆನಡಿ 1963ರಲ್ಲಿ ಗುಂಡಿಗೆ ಬಲಿಯಾದಾಗ ಕುಳಿತಿದ್ದ 1961ರ ಲಿಂಕನ್ ಕಾಂಟಿನೆಂಟಲ್ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಸಂಗ್ರಹಾಲಯದಲ್ಲಿದೆ. ಅದನ್ನು ನೋಡಿದವರಿಗೆ ಆಶ್ಚರ್ಯವಾಗುವ ಸಂಗತಿಯೆಂದರೆ, ಆ ಘಟನೆಯ ನಂತರ ಉಕ್ಕಿನ ರಕ್ಷಣೆ, ಮುಚ್ಚಿದ ಮಾಡು ಹಾಕಿಸಿ 1970ರ ದಶಕದ ಕೊನೆಯ ಭಾಗದವರೆಗೂ ಮುಂದಿನ ಅಧ್ಯಕ್ಷರು ಅದೇ ಕಾರನ್ನು ಬಳಸಿದರು.

ಪ್ಯಾಕರ್ಡ್‌ನ ಡೆಟ್ರಾಯಿಟ್ ಕಾರ್ಖಾನೆ ದಶಕಗಳ ಕಾಲ ಪಾಳುಬಿದ್ದು, ಹಾಳು ಕಟ್ಟಡಗಳ ಚಿತ್ರ ತೆಗೆಯುವವರ ಯಾತ್ರಾಸ್ಥಳವಾಗಿತ್ತು. ರಸ್ತೆಯ ಮೇಲೆ ಹಾದುಹೋಗುತ್ತಿದ್ದ ಅದರ ಸೇತುವೆ 2019ರ ಜನವರಿಯಲ್ಲಿ ಕುಸಿಯಿತು. 2022ರಲ್ಲಿ ಕಟ್ಟಡಗಳನ್ನು ಕೆಡವುವ ಕೆಲಸ ಆರಂಭವಾಯಿತು. ವಾರೆನ್ ಮತ್ತು ಡೇಟನ್ ಊರುಗಳ ಸಂಗ್ರಹಾಲಯಗಳಲ್ಲಿ, ಮಾಲೀಕರ ಸಂಘಗಳಲ್ಲಿ ಅದರ ಹೆಸರು ಉಳಿದಿದೆ.

ವಾಷಿಂಗ್ಟನ್ನಿನಲ್ಲಿ 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಚರಿತ್ರೆಯ ರಾಷ್ಟ್ರೀಯ ಸಂಗ್ರಹಾಲಯದಲ್ಲೂ ಒಂದು ಕಾರಿದೆ. ಕ್ಲಾಸಿಕ್ ಕ್ಲಬ್ಬಿನವರು ಒಪ್ಪಲಾರದಷ್ಟು ಈಚಿನದು: 1973ರ ಕೆಂಪು ಕ್ಯಾಡಿಲ್ಯಾಕ್ ಎಲ್ಡೊರಾಡೊ. ಮಾಲೀಕ ರಾಕ್ ಸಂಗೀತದ ಚಕ್ ಬೆರಿ. ಸೇಂಟ್ ಲೂಯಿಸ್ ನಗರದ ಫಾಕ್ಸ್ ಥಿಯೇಟರಿಗೆ ಹುಡುಗನಾಗಿದ್ದಾಗ ಸಿನಿಮಾ ನೋಡಲು ಹೋದ ಬೆರಿಯನ್ನು ಕಪ್ಪು ಬಣ್ಣದವನೆಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದರು. ಆತನಿಗೆ ಅರವತ್ತು ತುಂಬಿದ ಸಂದರ್ಭದ ಕಾರ್ಯಕ್ರಮ 1986ರಲ್ಲಿ ಅದೇ ಥಿಯೇಟರಿನಲ್ಲಿ ನಡೆಯಿತು. ಅದನ್ನು ಒಳಗೊಂಡು 1987ರಲ್ಲಿ ಬಿಡುಗಡೆಯಾದ ಸಾಕ್ಷ್ಯಚಿತ್ರಕ್ಕಾಗಿ ಬೆರಿ ಆ ಕಾರನ್ನು ತಾನೇ ಓಡಿಸಿಕೊಂಡು ಫಾಕ್ಸ್ ಥಿಯೇಟರಿನ ವೇದಿಕೆಯ ಮೇಲಕ್ಕೆ ಬಂದ.